ಶಾಕ್ ಮೇಸ್ತ್ರಿಯ ಬೆರಳು

ಬುದ್ಧಿ ನೆಟ್ಟಗಿರುವವರು ಯಾರೂ ಮೋಟಾರ್ ಸೈಕಲ್ಲಿನ ಪ್ಲಗ್ ವೈರನ್ನು ಬರಿಗೈಯಲ್ಲಿ ಹಿಡಿದು ಕಿಕ್ ಹೊಡೆಸಿಕೊಳ್ಳುವುದಿಲ್ಲ. ಹಿಡಿದರೆ ಮೊಣಕೈವರೆಗೆ ಯಾರೋ ಸುತ್ತಿಗೆಯಲ್ಲಿ ಬಡಿದ ಹಾಗಾಗುತ್ತದೆ, ಹಲ್ಲಿಗೆ ಹಲ್ಲು ಕಚ್ಚಿಕೊಳ್ಳುತ್ತದೆ, ಬಾಯಿಂದ ಬರಬಾರದ ಮಾತು ಬರುತ್ತದೆ. ಆಮೇಲೆ ಅರ್ಧ ದಿನ ಆ ಗಾಡಿಯ ಹತ್ತಿರ ಸುಳಿಯಲೂ ಮನಸ್ಸಾಗುವುದಿಲ್ಲ. ಶಾಕ್ ಮೇಸ್ತ್ರಿ ಮಾತ್ರ ಹಿಡಿಯುತ್ತಿದ್ದ. ಒಂದೆರಡು ಸಲವಲ್ಲ, ಅವನ ಹೊಟ್ಟೆಪಾಡೇ ಅದು. ಹೆಬ್ಬೆರಳು ತೋರುಬೆರಳಿನ ನಡುವೆ ವೈರಿನ ತುದಿ ಹಿಡಿದು, ಗಾಡಿಯವನ ಕೈಲಿ ಕಿಕ್ ಹೊಡೆಸಿ, ಹೊಡೆತ ತಿಂದು, ಕೈ ಕೊಡವಿ, ತೀರ್ಪು ಕೊಡುತ್ತಿದ್ದ. "ಕಾಯಿಲ್ ಚೆನ್ನಾಗಿದೆ, ಪಾಯಿಂಟಲ್ಲಿ ಕೊಳೆ" ಅಂದರೆ ಬಿಚ್ಚಿ ನೋಡಿದಾಗ ಕೊಳೆಯೇ ಇರುತ್ತಿತ್ತು. "ಕಂಡೆನ್ಸರ್ ಸತ್ತಿದೆ" ಅಂದರೆ ಅದು ಸತ್ತೇ ಇರುತ್ತಿತ್ತು.

ಹಳೆಯ ಗಾಡಿಯ ಕಿಡಿ ಅಂದರೆ ದೊಡ್ಡ ಗುಟ್ಟೇನಲ್ಲ. ಬ್ಯಾಟರಿಯ ಸಣ್ಣ ಕರೆಂಟನ್ನು ಕಾಯಿಲ್ ದೊಡ್ಡದು ಮಾಡುತ್ತದೆ. ಪಾಯಿಂಟ್ ಅನ್ನುವ ಎರಡು ಪುಟ್ಟ ತುಟಿಗಳು ಎಂಜಿನ್ ತಿರುಗಿದ ಹಾಗೆ ತೆರೆದು ಮುಚ್ಚುತ್ತವೆ, ತೆರೆದಾಗಲೆಲ್ಲ ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. ಆ ತುಟಿಗಳು ಸುಟ್ಟುಹೋಗದ ಹಾಗೆ ನೋಡಿಕೊಳ್ಳಲು ಪಕ್ಕದಲ್ಲಿ ಕಂಡೆನ್ಸರ್ ಅನ್ನುವ ಸಣ್ಣ ಡಬ್ಬಿ. ಇಷ್ಟೇ ಸಂಸಾರ. ಆದರೆ ಇಷ್ಟರೊಳಗೆ ಯಾರು ಮುನಿಸಿಕೊಂಡು ಕೂತಿದ್ದಾರೆ ಅಂತ ಕಂಡುಹಿಡಿಯುವುದರಲ್ಲೇ ಎಷ್ಟೋ ಮೆಕ್ಯಾನಿಕ್‌ಗಳ ತಲೆ ಬೋಳಾಗಿದೆ. ಉಳಿದವರು ಪ್ಲಗ್ ಬಿಚ್ಚಿ, ಎಂಜಿನ್ನಿಗೆ ಒರಗಿಸಿ ಹಿಡಿದು, ಕಿಡಿ ಕಾಣುತ್ತದೋ ಇಲ್ಲವೋ ಅಂತ ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ಮೇಸ್ತ್ರಿಗೆ ಅದನ್ನು ಕಂಡರೆ ನಗು. "ಹಗಲು ಬೆಳಕಲ್ಲಿ ಕಿಡಿ ಎಲ್ಲಯ್ಯಾ ಕಾಣುತ್ತೆ? ಕಂಡ್ರೂ ಅದು ಜೋರಾಗಿದೆಯೋ ಮೆತ್ತಗಿದೆಯೋ ಹೇಗೆ ಹೇಳ್ತೀಯಾ? ಕಣ್ಣಿಗೆ ಮೋಸ ಮಾಡ್ಬಹುದು, ಬೆರಳಿಗೆ ಮಾಡೋಕಾಗಲ್ಲ" ಅನ್ನುತ್ತಿದ್ದ.

ಇದು ವಿದ್ಯೆಯೋ ಮೊಂಡುತನವೋ ಅಂತ ಕೇಳಿದರೆ, ಎರಡೂ. ಅವನಿಗೆ ಇದು ಬಂದ ಬಗೆಯೂ ಹಾಗೇ ಇದೆ. ಮೀಸೆ ಮೂಡುವ ಮೊದಲೇ ಮನೆಯವರು ಅವನನ್ನು ಒಂದು ಗ್ಯಾರೇಜಿಗೆ ತಳ್ಳಿದ್ದರು. ಅಲ್ಲಿನ ದೊಡ್ಡವರು ಮೊದಲ ವಾರವೇ, "ಏಯ್, ಇದನ್ನೊಂಚೂರು ಹಿಡ್ಕೊಳ್ಳೋ" ಅಂತ ವೈರು ಕೈಗೆ ಕೊಟ್ಟು ಕಿಕ್ ಹೊಡೆದರು. ಅವನು ಎಗರಿ ಎಣ್ಣೆ ಟ್ರೇಯಲ್ಲಿ ಕುಂಡೆ ಊರಿ ಕೂತ. ಗ್ಯಾರೇಜೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ದಾರಿಯಲ್ಲಿ ಹೋಗುವವರೂ ನಿಂತು ನಕ್ಕರು. ಆ ನಗು ಅವನ ಕಿವಿಯಿಂದ ಯಾವತ್ತೂ ಇಳಿಯಲಿಲ್ಲ. ಮಾರನೇ ದಿನ ಯಾರೂ ಹೇಳದೆ ತಾನೇ ಹೋಗಿ ಅದೇ ವೈರು ಹಿಡಿದ. ಕಣ್ಣಲ್ಲಿ ನೀರು ತುಂಬಿಕೊಂಡು, "ನಿನ್ನೆಗಿಂತ ಇವತ್ತು ಕಮ್ಮಿ ಇದೆ" ಅಂದ. ಗ್ಯಾರೇಜಿನ ಯಜಮಾನ ಸುಮ್ಮನೆ ತಮಾಷೆಗೆ ಬಿಚ್ಚಿ ನೋಡಿದರೆ ಪಾಯಿಂಟ್ ಕಪ್ಪಾಗಿತ್ತು. ಆವತ್ತಿನಿಂದ ಅವನನ್ನು ನೋಡಿ ಯಾರೂ ನಗಲಿಲ್ಲ. ಜನರ ಬಾಯಿ ಮುಚ್ಚಿಸಿದ್ದು ಈ ಬೆರಳು ಅನ್ನುವುದನ್ನು ಅವನೂ ಮರೆಯಲಿಲ್ಲ.

ಮುಂದೆ ಸ್ವಂತ ವರ್ಕ್‌ಶಾಪ್ ಇಟ್ಟ. ಒಂದು ಶಟರ್, ಒಳಗೆ ಎರಡು ಗಾಡಿ ನಿಲ್ಲುವಷ್ಟು ಜಾಗ, ಹೊರಗೆ ರಸ್ತೆಯವರೆಗೆ ಕಪ್ಪು ಎಣ್ಣೆ ಕುಡಿದ ನೆಲ. ಹೊಸ ಗಾಡಿಗಳ ಕಡೆ ತಿರುಗಿಯೂ ನೋಡಲಿಲ್ಲ. ಅವುಗಳಲ್ಲಿ ಪಾಯಿಂಟೂ ಇಲ್ಲ, ಕಂಡೆನ್ಸರೂ ಇಲ್ಲ, ಮುಚ್ಚಿದ ಕಪ್ಪು ಡಬ್ಬಿ ಒಂದಿರುತ್ತದೆ. ಕೆಟ್ಟರೆ ಬಿಸಾಕಿ ಬೇರೆ ಹಾಕುವುದು. "ಅದಕ್ಕೆ ಮೇಸ್ತ್ರಿ ಯಾಕೆ, ಅಂಗಡಿಯವನು ಸಾಕು" ಅನ್ನುವುದು ಅವನ ಮಾತು. ಹಳೆಯ ಗಾಡಿ ಸಾಕಿಕೊಂಡವರೆಲ್ಲ ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು. ಗಾಡಿ ರಿಪೇರಿಗಿಂತ ಮೇಸ್ತ್ರಿ ಶಾಕ್ ತಿನ್ನುವುದನ್ನು ನೋಡಲಿಕ್ಕೇ ನಾಲ್ಕು ಜನ ನಿಲ್ಲುತ್ತಿದ್ದರು. ಅವನೂ ಅದನ್ನು ಪೂಜೆಯಷ್ಟು ಗಂಭೀರವಾಗಿ ಮಾಡುತ್ತಿದ್ದ. ಕುಕ್ಕರಗಾಲಲ್ಲಿ ಕೂತು, ವೈರು ಹಿಡಿದು, ಮೊದಲು ಕೇಳುತ್ತಿದ್ದದ್ದು ಒಂದೇ ಮಾತು.

"ಕೀ ಇದೆಯಾ?"

"ಇದೆ ಮೇಸ್ತ್ರಿ."

"ಹಾಗಾದ್ರೆ ಹೊಡಿ."

ಕೀ ತಿರುಗಿಸದಿದ್ದರೆ ಕಾಯಿಲಿಗೆ ಕರೆಂಟೇ ಹೋಗುವುದಿಲ್ಲ, ಕಿಡಿ ಎಲ್ಲಿಂದ ಬರಬೇಕು? ಆದರೂ ಗಾಡಿಯನ್ನೆಲ್ಲ ಬಿಚ್ಚಿ ಹರಡಿ, ಕೊನೆಗೆ ಕೀ ಆಫ್ ಇತ್ತು ಅಂತ ಹಲ್ಲು ಕಿರಿಯುವ ಮೆಕ್ಯಾನಿಕ್‌ಗಳಿದ್ದರು. ಅಂಥವರನ್ನು ಮೇಸ್ತ್ರಿ ಲೆಕ್ಕಕ್ಕೇ ಇಡುತ್ತಿರಲಿಲ್ಲ. "ಕೀ ಕೇಳದೆ ಕಿಡಿ ಹುಡುಕೋನು ಮೇಸ್ತ್ರಿ ಅಲ್ಲ, ಮಂಗ" ಅಂತ ಎದುರಿಗೇ ಅಂದುಬಿಡುತ್ತಿದ್ದ. ಬಾಯಿ ಸ್ವಲ್ಪ ಜೋರು. ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು.

ರಸ್ತೆಯ ಆಚೆ ಬದಿಗೆ ಸ್ಪೇರ್ ಪಾರ್ಟ್ಸ್ ಅಂಗಡಿ. ಅದರ ಯಜಮಾನ ಮೇಸ್ತ್ರಿಗೆ ಮೊದಲು ಗೆಳೆಯ, ಆಮೇಲೆ ಭಾವ. ತನ್ನ ತಂಗಿಯನ್ನೇ ಮೇಸ್ತ್ರಿಗೆ ಕೊಟ್ಟು ಮದುವೆ ಮಾಡಿದವನು. ಗೆಳೆತನ ಮೊದಲಾದ್ದರಿಂದ ಏಕವಚನ ಹಾಗೇ ಉಳಿಯಿತು. ಇವನಿಗೆ ಅವನು ಭಾವ, ಅವನಿಗೆ ಇವನು ಭಾವ. ಯಾರಾದರೂ ರಸ್ತೆಯಲ್ಲಿ "ಭಾವಾ" ಅಂತ ಕೂಗಿದರೆ ಇಬ್ಬರೂ ಒಟ್ಟಿಗೆ ತಿರುಗಿ ನೋಡುತ್ತಿದ್ದರು. ಅಂಗಡಿ ಭಾವ ಸಣಕಲ, ಮೆತ್ತನೆಯ ಮಾತಿನವನು, ಮಹಾ ಪುಕ್ಕಲ. ಹುಟ್ಟಿದಾಗಿನಿಂದ ಪಾರ್ಟ್ಸ್ ಮಾರಿದರೂ ಪ್ಲಗ್ ವೈರು ಮುಟ್ಟಿದವನಲ್ಲ. ಮೇಸ್ತ್ರಿ ಶಾಕ್ ಹೊಡೆಸಿಕೊಳ್ಳುವಾಗ ಇವನು ಅಂಗಡಿಯಿಂದಲೇ ಮುಖ ಆಚೆ ತಿರುಗಿಸುತ್ತಿದ್ದ. "ಹೊಡೆತ ತಿನ್ನೋನು ನಾನು, ಕಣ್ಣು ಮುಚ್ಚೋನು ನೀನು" ಅಂತ ಮೇಸ್ತ್ರಿ ಗೇಲಿ ಮಾಡುತ್ತಿದ್ದ. ಅವನು ಒಳ್ಳೆಯವನು, ನಕ್ಕು ಸುಮ್ಮನಾಗುತ್ತಿದ್ದ.

ಕಾಯಿಲ್‌ಗಳು ಮೆತ್ತಗಾಗತೊಡಗಿದ್ದು ಈಚಿನ ಒಂದೆರಡು ವರ್ಷದಲ್ಲಿ. ಹಾಗಂತ ಮೇಸ್ತ್ರಿಯ ಲೆಕ್ಕ. ಮೊದಲು ಮೊಣಕೈಗೆ ಬಡಿಯುತ್ತಿದ್ದದ್ದು ಮಣಿಕಟ್ಟಿಗೆ ಇಳಿಯಿತು. ಆಮೇಲೆ ಬೆರಳ ತುದಿಯಲ್ಲಿ ಇರುವೆ ಹರಿದಷ್ಟೇ ಆಯಿತು. ಕೆಲವು ಗಾಡಿಗಳಲ್ಲಿ ಅದೂ ಇಲ್ಲ. "ಈಗಿನ ಮಾಲೇ ಹೀಗೆ. ತಾಮ್ರದ ತಂತಿ ಬದಲು ಏನೋ ಕಸ ಸುತ್ತಿರ್ತಾರೆ" ಅಂತ ಬೈದುಕೊಂಡ. ಕಾಯಿಲ್ ಬಿಚ್ಚಿ ಭಾವನ ಅಂಗಡಿಗೆ ಒಯ್ದು, "ಸತ್ತಿದೆ, ಬೇರೆ ಕೊಡು" ಅನ್ನುತ್ತಿದ್ದ. ಆ ಗಾಡಿಗಳ ಕಂಪನಿಯೇ ಬಾಗಿಲು ಹಾಕಿ ಎಷ್ಟೋ ಕಾಲವಾಗಿತ್ತು, ಹೊಸ ಕಾಯಿಲ್ ಬರುವುದೇ ಇಲ್ಲ. ಭಾವ ಎಲ್ಲೆಲ್ಲಿಂದಲೋ ಹಳೆಯವನ್ನು ಕೂಡಿಹಾಕಿ, ಮೇಸ್ತ್ರಿ ತಂದದ್ದನ್ನು ಇಟ್ಟುಕೊಂಡು ಅವುಗಳಲ್ಲೊಂದನ್ನು ಕೊಡುತ್ತಿದ್ದ. ಮೇಸ್ತ್ರಿ ಅದನ್ನು ಹಾಕುವಾಗ ಹೇಗೂ ಬಿಚ್ಚಿದ್ದೇನೆ ಅಂತ ಪಾಯಿಂಟ್ ಉಜ್ಜಿ, ಪ್ಲಗ್ ಒರೆಸಿ, ವೈರಿನ ತುದಿ ಹೆರೆದು ಬಿಗಿಮಾಡುತ್ತಿದ್ದ. ಗಾಡಿ ಸ್ಟಾರ್ಟ್ ಆಗುತ್ತಿತ್ತು. ಸ್ಟಾರ್ಟ್ ಆದ ಗಾಡಿಯ ವೈರನ್ನು ಮತ್ತೆ ಮುಟ್ಟಿ ನೋಡುವ ಉಸಾಬರಿ ಯಾರಿಗೆ ಬೇಕು? ಹೆಸರು ಬೆರಳಿಗೆ ಬಂತು, ಕೆಟ್ಟ ಹೆಸರು ಕಾಯಿಲಿಗೆ ಹೋಯಿತು.

ಸತ್ತ ಕಾಯಿಲ್ ಒಳ್ಳೆಯದರ ಜೊತೆ ಬೆರೆತುಹೋಗಬಾರದು ಅಂತ ಅವನು ಒಂದು ಅಭ್ಯಾಸ ಮಾಡಿಕೊಂಡಿದ್ದ. ಕಾಯಿಲಿನ ಅಡಿಯ ತಗಡಿನ ಮೇಲೆ ಅರದ ಮೂಲೆಯಿಂದ ಅಡ್ಡಡ್ಡ ಎರಡು ಗೀಟು ಎಳೆಯುತ್ತಿದ್ದ. ಅದೇ ಎಲ್ಲಾ ಮುಗಿಸಿತು.

ಒಂದು ಬೆಳಿಗ್ಗೆ ಹಾಲಿನವನು ಗಾಡಿ ತಳ್ಳಿಕೊಂಡು ಬಂದ. ಎರಡೂ ಬದಿಗೆ ಕ್ಯಾನು ಹೊತ್ತು ಹೊತ್ತು ಬೆನ್ನು ಬಾಗಿದ ಗಾಡಿ. ಬಿಸಿಯಾದರೆ ಸಾಕು ದಾರಿಯಲ್ಲೇ ನಿಂತುಬಿಡುತ್ತದೆ, ತಣ್ಣಗಾದರೆ ಮತ್ತೆ ಹೊರಡುತ್ತದೆ. ಮೇಸ್ತ್ರಿ ಕೂತ, ಕೀ ಕೇಳಿದ, ಹಾಲಿನವನು ಒದ್ದ. ಬೆರಳಿಗೆ ಏನೂ ಇಲ್ಲ. "ಇನ್ನೊಂದ್ಸಲ." ಏನೂ ಇಲ್ಲ. "ಕಾಯಿಲ್ ಹೋಗಿದೆ" ಅಂತ ಎದ್ದ. ರಸ್ತೆ ದಾಟಿ ಭಾವನಿಂದ ಬೇರೆ ಕಾಯಿಲ್ ತಂದ. ತೊಳೆದು, ಒರೆಸಿ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಟ್ಟ ಕಾಯಿಲ್. ಗಾಡಿಗೆ ಕೂರಿಸಲು ಮಗುಚಿದ. ಅಡಿಯಲ್ಲಿ ಎರಡು ಗೀಟು, ಅಡ್ಡಡ್ಡ.

ಅವನ ನೆತ್ತಿಗೆ ರಕ್ತ ಏರಿತು. ಕಾಯಿಲ್ ಹಿಡಿದುಕೊಂಡೇ ರಸ್ತೆ ದಾಟಿದ. ಅಂಗಡಿಯ ಮುಂದೆ ಬೇರೆ ವರ್ಕ್‌ಶಾಪಿನ ಮೆಕ್ಯಾನಿಕ್‌ಗಳು, ಗಿರಾಕಿಗಳು ನಿಂತಿದ್ದರು.

"ನಾನು ಸತ್ತಿದೆ ಅಂತ ಕೊಟ್ಟ ಕಾಯಿಲ್ಲನ್ನೇ ತೊಳೆದು ನನಗೇ ಕೊಡ್ತೀಯಾ? ಇದೇನು ನನ್ನ ಕೈಯಾರೆ ಹಾಕಿದ ಗುರುತಲ್ವಾ? ಎಷ್ಟು ದಿನದಿಂದ ನಡೀತಿದೆ ಇದು?"

ಭಾವ ಕನ್ನಡಕ ಏರಿಸಿ ಗೀಟು ನೋಡಿದ. ಆಮೇಲೆ ಮೇಸ್ತ್ರಿಯ ಕೈಯನ್ನೇ ನೋಡಿದ. "ಒಳಗೆ ಬಾ ಭಾವ, ಮಾತಾಡೋಣ" ಅಂದ.

"ಒಳಗೆ ಯಾಕೆ? ಇಲ್ಲೇ ಹೇಳು. ಎಲ್ಲರೂ ಕೇಳ್ಲಿ. ತಂಗಿ ಗಂಡನಿಗೇ ಹೀಗೆ ಮಾಡ್ದೋನು ಇವ್ರಿಗೆಲ್ಲಾ ಏನು ಮಾಡಿದ್ದೀಯಾ?"

ಭಾವನ ತುಟಿ ಅಲುಗಿತು. ಹೇಳಲು ಅವನ ಹತ್ತಿರ ಒಂದು ಮಾತಿತ್ತು. ಆ ಮಾತು ಹೊರಗೆ ಬಿದ್ದರೆ ಮೇಸ್ತ್ರಿಯ ಹೊಟ್ಟೆಪಾಡು ಅಲ್ಲೇ, ಆ ಜನರ ಕಾಲ ಬುಡದಲ್ಲೇ ಬಿದ್ದುಹೋಗುತ್ತಿತ್ತು.

"ತಪ್ಪಾಯ್ತು. ಬೇರೆ ಕೊಡ್ತೀನಿ."

ತಪ್ಪಾಯಿತು ಅಂದ ಮೇಲೆ ಇನ್ನೇನು ಬೇಕು? ಮೇಸ್ತ್ರಿ ಬಾಯಿಗೆ ಬಂದದ್ದನ್ನೆಲ್ಲ ಅಂದು, ಭಾವನ ಮಾನವನ್ನು ನಡುರಸ್ತೆಯಲ್ಲಿ ಹರಾಜು ಹಾಕಿ, ವಾಪಸ್ ಬಂದ. ಹಾಲಿನವನ ಗಾಡಿಗೆ ಬೇರೆ ಅಂಗಡಿಯಿಂದ ಕಾಯಿಲ್ ತರಿಸಿದ, ಜೊತೆಗೊಂದು ಕಂಡೆನ್ಸರ್ ಇರಲಿ ಅಂತ ಅದನ್ನೂ ಹಾಕಿದ. ಬಿಸಿಯಾದರೆ ಸಾಯುತ್ತಿದ್ದದ್ದು ಹಳೆಯ ಕಂಡೆನ್ಸರೇ. ಗಾಡಿ ಗುಡುಗುಟ್ಟಿಕೊಂಡು ಹೋಯಿತು. "ನೋಡಿದ್ರಾ? ಕಾಯಿಲ್ ಸರಿ ಇದ್ರೆ ಗಾಡಿ ಹೀಗಿರುತ್ತೆ" ಅಂತ ಮೀಸೆ ತಿರುವಿದ. ಗೀಟಿನ ಕಾಯಿಲನ್ನು ಗೋಡೆಯ ಮೊಳೆಗೆ ನೇತುಹಾಕಿದ. ಬಂದವರೆಲ್ಲರಿಗೂ ಅದನ್ನು ತೋರಿಸಿ ಭಾವನ ಕತೆ ಹೇಳುವುದು ದಿನದ ಕೆಲಸವಾಯಿತು.

ಶಾಕ್ ಮೇಸ್ತ್ರಿಯ ಮಾತು ಅಂದರೆ ಆ ಕಸುಬಿನಲ್ಲಿ ಕಲ್ಲಿನ ಮೇಲೆ ಬರೆದ ಹಾಗೆ. ಬೇರೆ ಮೆಕ್ಯಾನಿಕ್‌ಗಳು ಒಬ್ಬೊಬ್ಬರಾಗಿ ಆ ಅಂಗಡಿ ಬಿಟ್ಟರು. ಭಾವ ಬೆಳಿಗ್ಗೆ ಬಾಗಿಲು ತೆಗೆದು, ಕಪಾಟಿನ ಧೂಳು ಹೊಡೆದು, ಕೈಕಟ್ಟಿ ಕೂತು, ಸಂಜೆ ಬಾಗಿಲು ಹಾಕುತ್ತಿದ್ದ. ರಸ್ತೆಯ ಈಚೆ ತಲೆ ಎತ್ತಿಯೂ ನೋಡುತ್ತಿರಲಿಲ್ಲ. ಮನೆಯಲ್ಲಿ ಮೇಸ್ತ್ರಿಯ ಹೆಂಡತಿ ತಟ್ಟೆಗೆ ಬಡಿಸಿ ಅಡುಗೆಮನೆಗೆ ಹೋಗಿಬಿಡುತ್ತಿದ್ದಳು. ಬೇಕು ಬೇಡ ಕೇಳುವುದನ್ನೂ ಬಿಟ್ಟಳು. ಅಣ್ಣನ ಪರ ವಹಿಸಿ ಮುನಿಸಿಕೊಂಡಿದ್ದಾಳೆ ಅಂತ ಮೇಸ್ತ್ರಿಯೂ ಬಿಗುವಾಗಿದ್ದ. ನಿಜ ಹೇಳಬೇಕೆಂದರೆ ಅವನಿಗೆ ಒಳಗೊಳಗೆ ಸಂಕಟವೂ ಇತ್ತು. ಮಧ್ಯಾಹ್ನದ ಚಹಾ ಯಾವತ್ತೂ ಒಬ್ಬನೇ ಕುಡಿದವನಲ್ಲ. ಆದರೆ ತಪ್ಪು ಅವನದು, ಅವನೇ ಬರಲಿ ಅಂತ ಕೂತ.

ಒಂದು ಮಧ್ಯಾಹ್ನ ಹೆಂಡತಿ ಊಟದ ಕ್ಯಾರಿಯರ್ ತಂದಳು. ಮೇಸ್ತ್ರಿ ಆಗತಾನೇ ಓಡಿಸಿ ನಿಲ್ಲಿಸಿದ್ದ ಗಾಡಿಯ ಪಕ್ಕ ಮಂಡಿಯೂರಿ, ಬಗ್ಗಿ ಒಳಗೆ ಏನೋ ಇಣುಕುತ್ತಿದ್ದ. ಅವಳು ಬಾಗಿಲಲ್ಲೇ ನಿಂತಳು. ಏನೋ ಸುಟ್ಟ ವಾಸನೆ.

"ರೀ! ಕೈ!"

ಅವನು ತಲೆ ಎತ್ತಿದ. "ಏನು?"

"ಕೈ ತೆಗೀರಿ! ಸೈಲೆನ್ಸರ್ ಮೇಲಿದೆ ಕೈ!"

ನೋಡಿದರೆ ಬಲಗೈ ಬೆರಳುಗಳು ಕಾದ ಸೈಲೆನ್ಸರಿನ ಮೇಲೆ ಆರಾಮಾಗಿ ಊರಿಕೊಂಡಿದ್ದವು. ಎತ್ತಿದ. ತುದಿಗಳ ಚರ್ಮ ಬೆಳ್ಳಗಾಗಿ ಸುಲಿದು ಬಂತು. ಅವನಿಗೆ ನೋವಿಲ್ಲ. ಇನ್ನೊಬ್ಬರ ಕೈ ನೋಡುವ ಹಾಗೆ ನೋಡುತ್ತಾ ಕೂತ.

ಅವಳು ಅಳಲಿಲ್ಲ. ಇಷ್ಟು ದಿನ ಕಟ್ಟಿಟ್ಟುಕೊಂಡಿದ್ದ ಸಿಟ್ಟೆಲ್ಲ ಒಮ್ಮೆಗೇ ಬಂತು.

"ಹೋದ ವರ್ಷನೇ ಬಡ್ಕೊಂಡೆ, ಡಾಕ್ಟರ ಹತ್ರ ಹೋಗೋಣ, ಸಕ್ಕರೆ ಕಾಯಿಲೆ ಇರ್ಬಹುದು ಅಂತ. ನನಗೇನಾಗಿದೆ ಧಾಡಿ ಅಂದ್ರಿ. ಅದು ನಾನು ಹೇಳಿದ ಮಾತಲ್ಲ ರೀ, ಅಣ್ಣ ಹೇಳಿದ್ದು. 'ಭಾವನ ಕೈ ಜೋಮು ಹಿಡಿದ ಹಾಗಿದೆ, ಶಾಕ್ ಗೊತ್ತಾಗ್ತಿಲ್ಲ ಅವನಿಗೆ, ನೋಡ್ಸು. ನಾನು ಹೇಳ್ದೆ ಅಂತ ಹೇಳ್ಬೇಡ, ನೊಂದ್ಕೋತಾನೆ' ಅಂದಿದ್ದ. ನೀವು ಸತ್ತಿದೆ ಅಂತ ಕೊಟ್ಟ ಒಂದು ಕಾಯಿಲ್ಲೂ ಸತ್ತಿರ್ಲಿಲ್ವಂತೆ. ಎಲ್ಲಾನೂ ಬ್ಯಾಟರಿಗೆ ಹಾಕಿ ಕಿಡಿ ನೋಡಿದ್ದ ಅವನು. ಚೆನ್ನಾಗಿರೋದನ್ನೇ ನಿಮಗೆ ತಿರುಗಿ ಕೊಟ್ಟ. ನಿಮ್ಮ ಮಾನ ಉಳೀಲಿ ಅಂತ. ನೀವು ಅವನ ಮಾನ ತೆಗೆದ್ರಿ."

"ಸುಳ್ಳು" ಅಂದ ಮೇಸ್ತ್ರಿ.

"ಸುಳ್ಳಾದ್ರೆ ನೋಡಿ. ಗೋಡೆ ಮೇಲೇ ನೇತಾಕಿದ್ದೀರಲ್ಲ."

ಅವನು ಎದ್ದು ಮೊಳೆಯಿಂದ ಕಾಯಿಲ್ ತೆಗೆದ. ಶಟರ್ ಎಳೆದ. ಒಳಗೆ ಕತ್ತಲಾಯಿತು, ಅಡಿಯಲ್ಲಿ ಒಂದು ಗೆರೆ ಬೆಳಕು ಮಾತ್ರ. ಹೆಂಡತಿ ಕ್ಯಾರಿಯರ್ ಹಿಡಿದುಕೊಂಡು ಗೋಡೆಗೆ ಒರಗಿ ನಿಂತಳು. ಗೀಟಿನ ಕಾಯಿಲನ್ನು ಗಾಡಿಗೆ ಕಟ್ಟಿ, ಪ್ಲಗ್ ಬಿಚ್ಚಿ, ಕೀ ತಿರುಗಿಸಿ, ಇಡೀ ಜೀವನ ಗೇಲಿ ಮಾಡಿದ ಆ ಕೆಲಸವನ್ನೇ ಮಾಡಿದ. ಪ್ಲಗ್ಗನ್ನು ಎಂಜಿನ್ನಿಗೆ ಒರಗಿಸಿ, ಕಿಕ್ಕರನ್ನು ಕೈಯಲ್ಲೇ ಒತ್ತಿ, ಕಣ್ಣು ಕಿರಿದು ಮಾಡಿ ನೋಡಿದ. ಚಟ್ ಅಂತ ನೀಲಿ ಕಿಡಿ. ಮತ್ತೆ ಒತ್ತಿದ. ಚಟ್. ದಪ್ಪಗೆ, ಆರೋಗ್ಯವಾಗಿ, ಹೊಸ ಕಾಯಿಲಿನಲ್ಲೂ ಇರದಂಥ ಕಿಡಿ.

ಆಮೇಲೆ ಪ್ಲಗ್ ತೆಗೆದು ವೈರಿನ ತುದಿಯನ್ನು ಬೆರಳಿಗೆ ಕೂದಲೆಳೆಯಷ್ಟು ದೂರ ಹಿಡಿದು ಒತ್ತಿದ. ಕಿಡಿ ಹಾರಿ ಅವನ ಬೆರಳಿಗೆ ಬಡಿಯಿತು. ಅವನು ಅದನ್ನು ಕಣ್ಣಾರೆ ನೋಡಿದ. ನೀಲಿಯಾಗಿ ಬಂತು, ಚರ್ಮಕ್ಕೆ ತಾಗಿತು, ಹೋಯಿತು. ಬೆರಳೊಳಗೆ ಯಾರೂ ಇರಲಿಲ್ಲ.

"ಕಂಡಿತಾ?" ಅಂದಳು ಹೆಂಡತಿ ಕತ್ತಲಿನಿಂದ.

"ಕಂಡಿತು."

"ಎಲ್ಲರ ಎದುರಿಗೆ ಬೈದ್ರಲ್ಲ, ಎಲ್ಲರ ಎದುರಿಗೇ ಹೇಳಿ. ಇಷ್ಟೇ ನಾನು ಕೇಳೋದು. ಅಣ್ಣ ಅಂಗಡಿ ಬಿಟ್ಟುಕೊಡ್ತಿದ್ದಾನೆ. ಅವನು ಹೋಗೋದ್ರೊಳಗೆ ಹೇಳಿ."

"ಹೇಳ್ತೀನಿ" ಅಂದ.

ಹೇಳಬೇಕು ಅಂತಲೇ ಇದ್ದ. ಅದರಲ್ಲಿ ಸುಳ್ಳಿಲ್ಲ. ಡಾಕ್ಟರ ಹತ್ತಿರವೂ ಹೋದ. ಸಕ್ಕರೆ ಕಾಯಿಲೆ ಎಂದೋ ಬಂದು ಮನೆ ಮಾಡಿತ್ತು. ಹೋದ ಸ್ಪರ್ಶ ತಿರುಗಿ ಬರುವ ಭರವಸೆ ಇಲ್ಲ ಅಂದರು. ಗೋಡೆಯ ಮೊಳೆ ಬರಿದಾಯಿತು. "ಎಲ್ಲಿ ಮೇಸ್ತ್ರಿ, ನಿಮ್ಮ ಭಾವನ ಕಾಯಿಲ್?" ಅಂತ ಕೇಳಿದವರಿಗೆ "ಎಲ್ಲೋ ಬಿತ್ತು" ಅಂದ. ಅಂದರೆ ಮೊದಲ ಅವಕಾಶವನ್ನು ಅಲ್ಲೇ ಕಳೆದುಕೊಂಡ. ಮಾರನೇ ದಿನ ಜನ ಹೆಚ್ಚಿದ್ದಾರೆ ಅಂತ ಸುಮ್ಮನಾದ. ಅದರ ಮಾರನೇ ದಿನ ಜನವೇ ಇಲ್ಲ, ಯಾರಿಗೆ ಹೇಳುವುದು ಅಂತ ಸುಮ್ಮನಾದ. ಮನಸ್ಸಿನಲ್ಲೇ ಮಾತು ಜೋಡಿಸುತ್ತಿದ್ದ: ಭಾವನದು ತಪ್ಪಿಲ್ಲ, ಸತ್ತಿರೋದು ನನ್ನ ಬೆರಳು. ಅಲ್ಲಿಗೆ ಬಂದ ಕೂಡಲೇ ಆ ಹಳೆಯ ಗ್ಯಾರೇಜು, ಆ ಎಣ್ಣೆ ಟ್ರೇ, ಹೊಟ್ಟೆ ಹಿಡಿದುಕೊಂಡು ನಕ್ಕವರು ಎಲ್ಲರೂ ಎದುರಿಗೆ ಬಂದು ನಿಲ್ಲುತ್ತಿದ್ದರು. ಇಂಥ ಗಂಡಸು ಅವನು. ಹೊಡೆತ ಎಷ್ಟು ಬೇಕಾದರೂ ತಿಂದಾನು, ನಗು ತಿನ್ನಲಾರ. ಇಷ್ಟರಲ್ಲಿ ವೈರು ಮುಟ್ಟುವ ಕೆಲಸ ಬಂದಾಗಲೆಲ್ಲ ಏನೋ ನೆವ ಹೇಳಿ, ಪಾಯಿಂಟನ್ನೇ ಮೊದಲು ಉಜ್ಜಿ, ಹೇಗೋ ಗಾಡಿ ಎಬ್ಬಿಸಿ ಕಳಿಸುತ್ತಿದ್ದ.

ಎದುರಿನ ಅಂಗಡಿಯ ಬೋರ್ಡು ಇಳಿಸುವ ದಿನವೂ ಬಂತು. ಇಬ್ಬರು ಆಳುಗಳು ಏಣಿ ಹಾಕಿ ಮೊಳೆ ಕೀಳುತ್ತಿದ್ದರು. ಕಪಾಟುಗಳು ಫುಟ್‌ಪಾತಿನ ಮೇಲಿದ್ದವು. ನೋಡಲಿಕ್ಕೆ ಜನ ಸೇರಿದ್ದರು. ಹಾಲಿನವನಿದ್ದ, ಆವತ್ತು ಜಗಳ ಕೇಳಿದ ಮೆಕ್ಯಾನಿಕ್‌ಗಳಿದ್ದರು. ಮೇಸ್ತ್ರಿಯ ಹೆಂಡತಿ ಆಗಷ್ಟೇ ಕ್ಯಾರಿಯರ್ ತಂದು ವರ್ಕ್‌ಶಾಪಿನ ಬಾಗಿಲಲ್ಲಿ ನಿಂತಿದ್ದಳು. "ಈಗ ಹೇಳಿ" ಅಂತ ಕಣ್ಣಲ್ಲೇ ಅಂದಳು. ಮೇಸ್ತ್ರಿ ಕೈ ಒರೆಸಿಕೊಂಡ, ಗಂಟಲು ಸರಿಮಾಡಿಕೊಂಡ.

ಅಷ್ಟರಲ್ಲಿ ಭಾವನೇ ಬಂದ. ತನ್ನ ಹಳೆಯ ಗಾಡಿಯನ್ನು ತಳ್ಳಿಕೊಂಡು, ರಸ್ತೆ ದಾಟಿ, ಮೇಸ್ತ್ರಿಯ ಎದುರಿಗೆ ಸ್ಟ್ಯಾಂಡ್ ಹಾಕಿದ. ಆ ಗಾಡಿಗೆ ಮೇಸ್ತ್ರಿಯಲ್ಲದೆ ಬೇರೆ ಯಾರೂ ಸ್ಪ್ಯಾನರ್ ತಾಗಿಸಿರಲಿಲ್ಲ.

"ಸ್ಟಾರ್ಟ್ ಆಗ್ತಿಲ್ಲ" ಅಂದ ಭಾವ. "ಕಿಡಿ ಇದೆಯೋ ಇಲ್ವೋ ನೋಡು ಭಾವ. ಹೋಗೋಕೆ ಮುಂಚೆ ಒಂದ್ಸಲ ನೀನೇ ನೋಡು."

ಮೇಸ್ತ್ರಿ ಅವನ ಮುಖ ನೋಡಿದ. ಅಲ್ಲಿ ಸಿಟ್ಟಿರಲಿಲ್ಲ. ಕಾಯುತ್ತಿರುವವನ ಮುಖ ಅದು. ಒಂದು ಮಾತು ಸಾಕಾಗಿತ್ತು: ಈ ಬೆರಳಿಗೆ ಗೊತ್ತಾಗಲ್ಲ ಭಾವ. ಅಷ್ಟು ಅಂದಿದ್ದರೆ ಭಾವನ ಹೆಸರಿಗೆ ಅಂಟಿದ ಮಸಿ ಅಲ್ಲೇ, ಅವನ ಅಂಗಡಿಯ ಬೋರ್ಡು ನೆಲ ಮುಟ್ಟುವ ಮೊದಲೇ ತೊಳೆದುಹೋಗುತ್ತಿತ್ತು. ಮೇಸ್ತ್ರಿ ಬಾಯಿ ತೆರೆದ.

"ಹಿಡೀರಿ ಮೇಸ್ತ್ರಿ, ನೋಡೋಣ" ಅಂದ ಹಾಲಿನವನು ಹುರುಪಿನಿಂದ. "ಈ ಸಲ ಇವ್ರ ಕಾಯಿಲ್ ಎಂಥದೋ?" ಯಾರೋ ಕಿಸಕ್ಕೆಂದರು.

ತೆರೆದ ಬಾಯಿ ಮುಚ್ಚಿತು. ಮೇಸ್ತ್ರಿ ಕುಕ್ಕರಗಾಲಲ್ಲಿ ಕೂತ. ಪ್ಲಗ್ಗಿನ ಟೋಪಿ ಕಿತ್ತು ವೈರಿನ ತುದಿ ಬೆರಳ ನಡುವೆ ಹಿಡಿದ. ತಲೆಯೊಳಗೆ ಒಂದು ಉಪಾಯ ಹೊಳೆದಿತ್ತು, ಅದಕ್ಕೆ ಅವನೇ ಖುಷಿಪಟ್ಟ. ಭಾವನ ಕಾಯಿಲನ್ನು ಎಲ್ಲರೆದುರು ಹೊಗಳಿಬಿಟ್ಟರೆ ಅವನ ಮರ್ಯಾದೆಯೂ ಬಂತು, ತನ್ನದೂ ಉಳಿಯಿತು. ಒಟ್ಟಿನಲ್ಲಿ ಸರಿಯಾದ ಹೊತ್ತಿಗೆ ಕೈ ಎಗರಬೇಕು, ಅಷ್ಟೇ. ಅವನ ಕಣ್ಣು ಭಾವನ ಕಾಲಿನ ಮೇಲೆ ನೆಟ್ಟಿತು.

"ಹೊಡಿ" ಅಂದ.

ಭಾವ ಒಂದು ಗಳಿಗೆ ಹಾಗೇ ನಿಂತ. ಮೇಸ್ತ್ರಿ ಬೇರೇನಾದರೂ ಕೇಳುತ್ತಾನೇನೋ ಅಂತ ಕಾದ ಹಾಗಿತ್ತು. ಆಮೇಲೆ ಕಿಕ್ ಒದ್ದ.

"ಅಬ್ಬಬ್ಬಾ!" ಮೇಸ್ತ್ರಿಯ ಕೈ ಭುಜದವರೆಗೆ ಎಗರಿತು. ಹಲ್ಲು ಕಚ್ಚಿದ, ಕೈ ಕೊಡವಿದ, ಬೆರಳು ಬಾಯಿಗಿಟ್ಟುಕೊಂಡ. "ಏನು ಹೊಡೆತ ಅಂತೀರಿ! ಕಾಯಿಲ್ ಅಂದ್ರೆ ಇದು ಕಣ್ರಯ್ಯಾ. ಭಾವನ ಮಾಲಿಗೆ ಇನ್ಮೇಲೆ ಯಾರೂ ಹೆಸರಿಡೋ ಹಾಗಿಲ್ಲ. ಏನೋ ಆವತ್ತೊಂದು ದಿನ ಹೆಚ್ಚುಕಮ್ಮಿ ಆಯ್ತು, ಮರೆತುಬಿಡೋಣ."

ಜನ ಹೋ ಅಂತ ನಕ್ಕರು, ಚಪ್ಪಾಳೆ ಹೊಡೆದರು. ಮೇಸ್ತ್ರಿ ನಗುತ್ತಾ ತಲೆ ಎತ್ತಿದ.

ಭಾವ ನಗುತ್ತಿರಲಿಲ್ಲ. ಅವನು ಬಗ್ಗಿದ, ವೈರನ್ನು ಪ್ಲಗ್ಗಿಗೆ ತಾನೇ ಸಿಕ್ಕಿಸಿದ. ಆಮೇಲೆ ಮೇಸ್ತ್ರಿಗೆ ಮಾತ್ರ ಕಾಣುವ ಹಾಗೆ, ಮುಷ್ಟಿ ಬಿಚ್ಚಿದ. ಅಂಗೈಯಲ್ಲಿ ಗಾಡಿಯ ಕೀ ಇತ್ತು.

ಮುಷ್ಟಿ ಮತ್ತೆ ಮುಚ್ಚಿ ಕೀಯನ್ನು ಜೇಬಿಗೆ ಹಾಕಿಕೊಂಡ. ಮೆತ್ತಗೆ, ಪಕ್ಕದವರಿಗೂ ಕೇಳದ ಹಾಗೆ ಅಂದ: "ಇನ್ಮೇಲಾದ್ರೂ ಕೀ ಕೇಳ್ಕೊಳ್ಳಿ ಮೇಸ್ತ್ರಿ. ಬೇರೆಯವ್ರಾದ್ರೆ ನಿಮ್ಮನ್ನ ನೋಡಿ ನಗ್ತಾರೆ."

"ಭಾವ" ಅನ್ನಲಿಲ್ಲ, "ನೀನು" ಅನ್ನಲಿಲ್ಲ. ಸ್ಟ್ಯಾಂಡ್ ತೆಗೆದು ಗಾಡಿಯನ್ನು ರಸ್ತೆಗೆ ತಿರುಗಿಸಿದ. ಬಾಗಿಲಲ್ಲಿದ್ದ ಮೇಸ್ತ್ರಿಯ ಹೆಂಡತಿಗೆ ಕೀ ಕಾಣಲಿಲ್ಲ. ಕಾಣುವ ಅಗತ್ಯವೂ ಇರಲಿಲ್ಲ, ಗಂಡನ ಬೆರಳು ಎಂಥದ್ದು ಅಂತ ಅವಳಿಗೆ ಗೊತ್ತಿತ್ತು. ಕ್ಯಾರಿಯರನ್ನು ಹೊಸ್ತಿಲ ಮೇಲೆ ಇಟ್ಟಳು. ಗಂಡನ ಕಡೆ ನೋಡದೆ ಅವನ ಪಕ್ಕದಿಂದಲೇ ಹಾದು ಹೋಗಿ, ಗಾಡಿಯ ಹಿಂದಿನ ಸೀಟಿಗೆ ಕೈ ಕೊಟ್ಟು ಅಣ್ಣನ ಜೊತೆ ತಳ್ಳತೊಡಗಿದಳು. ಇಬ್ಬರೂ ರಸ್ತೆ ದಾಟಿದರು.

"ತುಂಬಾ ಜೋರಾಗಿ ಹೊಡೀತಾ ಮೇಸ್ತ್ರಿ?" ಅಂತ ಹಾಲಿನವನು ಪಕ್ಕದಲ್ಲಿ ಕೂತು ಕೇಳಿದ.

ಮೇಸ್ತ್ರಿ ಬೆರಳನ್ನು ಅಂಗಿಗೆ ಉಜ್ಜಿಕೊಳ್ಳುತ್ತಿದ್ದ.

"ಮೊಣಕೈವರೆಗೆ" ಅಂದ.